ಮಲೆನಾಡಿನಲ್ಲಿ ಟೆಂಟು ಹಾಕಿದ ಮೇಲೆ ಮಳೆ ಹಿಡಿದರೆ: ಮಕ್ಕಳು, ಹಿರಿಯರೊಡನೆ ಹೊರಟವರಿಗೆ ಒಂದು ಕೈಪಿಡಿ

ಮಳೆಗಾಲಕ್ಕೆ ಮುನ್ನ ಒಮ್ಮೆ ಮಲೆನಾಡು ಸುತ್ತಿ ಬರೋಣವೆಂದು ಮೇ ತಿಂಗಳ ಕೊನೆಯಲ್ಲಿ ಟೆಂಟು, ಚಾಪೆ, ಒಲೆಗಳನ್ನು ಕಾರಿಗೆ ತುಂಬಿಕೊಂಡು ಹೊರಡುವ ಕುಟುಂಬಗಳು ಈಗ ಕಡಿಮೆಯೇನಲ್ಲ. 2025ರಲ್ಲಿ ನಾವೂ ಹಾಗೆಯೇ ಹೊರಟೆವು. ಮಕ್ಕಳ ಬೇಸಿಗೆ ರಜೆ ಮುಗಿಯಲು ಇನ್ನೂ ಕೆಲವು ದಿನಗಳಿದ್ದವು; ಕೇರಳಕ್ಕೆ ಮುಂಗಾರು ಬರುವ ವಾಡಿಕೆಯ ದಿನವಾದ ಜೂನ್ 1ಕ್ಕೆ ಒಂದು ವಾರ ಬಾಕಿಯಿತ್ತು. ಆ ವರ್ಷ ಮುಂಗಾರು ಮೇ 24ರಂದೇ ಕೇರಳವನ್ನು ಮುಟ್ಟಿತು. 2009ರ ಬಳಿಕ ಅಷ್ಟು ಬೇಗ ಬಂದದ್ದು ಅದೇ ಮೊದಲು. ಅಂದು ರಾತ್ರಿ ಎರಡೂವರೆಯ ಹೊತ್ತಿಗೆ, ಮೂಡಿಗೆರೆ ಕಡೆಯ ಒಂದು ಕಾಫಿ ತೋಟದ ಬಯಲಿನಲ್ಲಿ, ನನ್ನ ಚಿಕ್ಕ ಮಗಳು ನಿದ್ದೆಗಣ್ಣಿನಲ್ಲೇ “ಅಪ್ಪಾ, ಕೆಳಗೆ ನೆಲ ಅಲ್ಲಾಡ್ತಿದೆ” ಎಂದಳು. ಟಾರ್ಚ್ ಹಾಕಿ ಅಂಗೈಯಿಂದ ಒತ್ತಿ ನೋಡಿದರೆ ಟೆಂಟಿನ ತಳದ ಕೆಳಗೆ ನೀರು ಸೇರಿಕೊಂಡು, ನಾವು ಐದು ಮಂದಿ ನೀರು ತುಂಬಿದ ಚೀಲವೊಂದರ ಮೇಲೆ ಮಲಗಿದ್ದೆವು.

ಆ ರಾತ್ರಿ ನಮಗೆ ಯಾವ ಅಪಾಯವೂ ಆಗಲಿಲ್ಲ. ಆದರೆ ಇಬ್ಬರು ಮಕ್ಕಳನ್ನೂ ಎಪ್ಪತ್ತು ದಾಟಿದ ಅತ್ತೆಯವರನ್ನೂ ಎಬ್ಬಿಸಿ, ಕನ್ನಡಕ, ಚಪ್ಪಲಿ, ಮಾತ್ರೆಯ ಡಬ್ಬಿಗಳನ್ನು ಹುಡುಕಿ, ಮೂವತ್ತು ಹೆಜ್ಜೆ ದೂರದಲ್ಲಿದ್ದ ಕಾರಿನೊಳಗೆ ಎಲ್ಲರನ್ನೂ ಕೂರಿಸುವುದಕ್ಕೆ ನಲವತ್ತು ನಿಮಿಷ ಹಿಡಿಯಿತು. ಗೆಳೆಯರ ಗುಂಪು ಇದೇ ಕೆಲಸವನ್ನು ಐದು ನಿಮಿಷದಲ್ಲಿ ಮುಗಿಸುತ್ತದೆ. ಕುಟುಂಬದ ಪ್ರವಾಸಕ್ಕೂ ಉಳಿದ ಪ್ರವಾಸಕ್ಕೂ ಇರುವ ವ್ಯತ್ಯಾಸ ಈ ನಲವತ್ತು ನಿಮಿಷವೇ ಆದುದರಿಂದ, ಮಳೆಯ ವಿಷಯದಲ್ಲಿ ತೆಗೆದುಕೊಳ್ಳಬೇಕಾದ ನಿರ್ಧಾರಗಳೆಲ್ಲ ಹಗಲಿನಲ್ಲೇ, ನೆಲ ಒಣಗಿರುವಾಗಲೇ ಆಗಿಬಿಡಬೇಕು. ಮುಂದೆ ಹೇಳಿರುವುದೆಲ್ಲ ಆ ನಿರ್ಧಾರಗಳನ್ನು ಯಾವಾಗ, ಏನನ್ನು ನೋಡಿ, ಹೇಗೆ ಮಾಡಬೇಕೆಂಬುದರ ಬಗ್ಗೆ.

ಹೊರಡುವ ಹಿಂದಿನ ದಿನ

ಮುನ್ಸೂಚನೆ ನೋಡುವಾಗ ಮೊಬೈಲಿನಲ್ಲಿ ಕಾಣುವ ಮೋಡದ ಚಿತ್ರವನ್ನೂ ಶೇಕಡಾವಾರು ಅಂಕಿಯನ್ನೂ ನಂಬಿ ಕೂರುವುದಕ್ಕಿಂತ ಭಾರತೀಯ ಹವಾಮಾನ ಇಲಾಖೆಯ ಜಿಲ್ಲಾವಾರು ಎಚ್ಚರಿಕೆಯನ್ನು ಓದುವುದು ಒಳ್ಳೆಯದು. ಇಲಾಖೆಯ ಭಾಷೆಯಲ್ಲಿ ‘ಭಾರಿ ಮಳೆ’ ಎಂದರೆ 24 ಗಂಟೆಯಲ್ಲಿ 64.5ರಿಂದ 115.5 ಮಿ.ಮೀ., ‘ಅತಿ ಭಾರಿ’ ಎಂದರೆ 204.4 ಮಿ.ಮೀ.ವರೆಗೆ, ಅದನ್ನೂ ಮೀರಿದರೆ ‘ಅತ್ಯಂತ ಭಾರಿ’. ಹಳದಿ, ಕಿತ್ತಳೆ, ಕೆಂಪು ಬಣ್ಣದ ಎಚ್ಚರಿಕೆಗಳನ್ನು ಕೊಡುವಾಗ ಮಳೆಯ ಈ ಪ್ರಮಾಣವೇ ಮುಖ್ಯ ಆಧಾರ. ಅಂಕಿಗಳು ನೀರಸವಾಗಿ ಕಂಡರೆ ಒಂದು ಲೆಕ್ಕ ಮಾಡಿ ನೋಡಬಹುದು: ಒಂದು ಚದರ ಮೀಟರ್ ಜಾಗದಲ್ಲಿ ಬೀಳುವ ಒಂದು ಮಿಲಿಮೀಟರ್ ಮಳೆ ಎಂದರೆ ಒಂದು ಲೀಟರ್ ನೀರು. ನಾಲ್ಕು ಮಂದಿ ಮಲಗುವ ಟೆಂಟು ಸುಮಾರು ಐದು ಚದರ ಮೀಟರ್ ನೆಲ ಹಿಡಿಯುತ್ತದೆ. ನೂರು ಮಿಲಿಮೀಟರ್ ಮಳೆ ಬಿದ್ದರೆ ಅದರ ನೆತ್ತಿಯ ಮೇಲೆಯೇ ಐನೂರು ಲೀಟರ್, ಅಂದರೆ ಸಣ್ಣ ಮನೆಯ ತಾರಸಿಯ ಟ್ಯಾಂಕಿನಷ್ಟು ನೀರು ಸುರಿದಂತೆ. ಸುತ್ತಲಿನ ಇಳಿಜಾರಿನಿಂದ ಹರಿದು ಬರುವ ನೀರು ಈ ಲೆಕ್ಕಕ್ಕೆ ಸೇರಿಲ್ಲ.

ನನ್ನ ಅಭಿಪ್ರಾಯದಲ್ಲಿ ಗೆರೆ ಹೀಗಿರಬೇಕು. ಹಳದಿಯಿದ್ದರೆ ಹೊರಡಬಹುದು, ಆದರೆ ಟೆಂಟಿನ ಪಕ್ಕದಲ್ಲಿ ಗೋಡೆ, ಸೂರು ಇರುವ ಕೋಣೆಯೊಂದು ಕಾದಿರಿಸಿರಬೇಕು. ಕಿತ್ತಳೆಯಿದ್ದರೆ ಟೆಂಟಿನ ಮಾತು ಬಿಟ್ಟು ಕೋಣೆಯಲ್ಲೇ ಉಳಿಯಬೇಕು. ಕೆಂಪು ಇದ್ದರೆ ಘಾಟಿಯ ಕಡೆಗೆ ಕಾರು ತಿರುಗಿಸಲೇಬಾರದು. ಈ ಗೆರೆಯನ್ನು ಮನೆಯಲ್ಲೇ, ಮಕ್ಕಳು ಕೇಳುವಂತೆ ಗಟ್ಟಿಯಾಗಿ ಹೇಳಿಡುವುದರಲ್ಲಿ ಒಂದು ಉಪಾಯವಿದೆ. ಇನ್ನೂರೈವತ್ತು ಕಿಲೋಮೀಟರ್ ಓಡಿಸಿಕೊಂಡು ಹೋದ ಮೇಲೆ ‘ಬಂದದ್ದಾಯಿತು, ನೋಡೋಣ’ ಎನ್ನುವವರು ಹೆಚ್ಚಾಗಿ ದೊಡ್ಡವರೇ. ಆಗ “ಕಿತ್ತಳೆ ಬಂದರೆ ಟೆಂಟಿಲ್ಲ ಅಂದಿದ್ರಲ್ಲ” ಎಂದು ನೆನಪಿಸುವವರು ಮಕ್ಕಳಾಗಿರುತ್ತಾರೆ.

ಸಿಡಿಲಿನ ಮುನ್ನೆಚ್ಚರಿಕೆಗೆ ಪುಣೆಯ ಭಾರತೀಯ ಉಷ್ಣವಲಯ ಹವಾಮಾನ ವಿಜ್ಞಾನ ಸಂಸ್ಥೆ ರೂಪಿಸಿರುವ ‘ದಾಮಿನಿ’ ಆ್ಯಪನ್ನು ಮೊದಲೇ ಹಾಕಿಕೊಳ್ಳಬೇಕು. ತುರ್ತಿಗೆ 112, ಆಂಬುಲೆನ್ಸಿಗೆ 108, ಜಿಲ್ಲೆಯ ವಿಕೋಪ ನಿಯಂತ್ರಣ ಕೊಠಡಿಗೆ 1077, ರಾಷ್ಟ್ರೀಯ ಹೆದ್ದಾರಿಯಲ್ಲಿ ಸಿಲುಕಿದರೆ 1033, ಇವಿಷ್ಟನ್ನೂ ಕಾಗದದ ಮೇಲೆ ಬರೆದು ಡ್ಯಾಶ್‌ಬೋರ್ಡಿನಲ್ಲಿ ಇಡಬೇಕು. ಫೋನು ಒದ್ದೆಯಾಗುವ ದಿನವೇ ಈ ಅಂಕಿಗಳು ಬೇಕಾಗುತ್ತವೆ.

ಕಾರಿಗೆ ತುಂಬುವ ಕ್ರಮ

ಏನನ್ನು ಒಯ್ಯಬೇಕೆಂಬುದಕ್ಕಿಂತ ಯಾವುದನ್ನು ಎಲ್ಲಿಡಬೇಕೆಂಬುದು ಮಳೆಯಲ್ಲಿ ಮುಖ್ಯವಾಗುತ್ತದೆ. ಟಾರ್ಪಾಲಿನ್ ಡಿಕ್ಕಿಯ ಅಡಿಯಲ್ಲಿದ್ದರೆ, ಅದನ್ನು ತೆಗೆಯುವಷ್ಟರಲ್ಲಿ ಮೇಲಿನ ಹಾಸಿಗೆ, ಬಟ್ಟೆಗಳೆಲ್ಲ ನೆನೆದಿರುತ್ತವೆ. ಆದ್ದರಿಂದ ಟಾರ್ಪಾಲಿನ್, ಹಗ್ಗ, ಟಾರ್ಚ್, ರೇನ್‌ಕೋಟ್ ಇವು ಕೊನೆಯಲ್ಲಿ ತುಂಬಿ ಮೊದಲು ಸಿಗುವಂತಿರಬೇಕು. ಪ್ರತಿಯೊಬ್ಬರಿಗೂ ಒಂದು ಜೊತೆ ಒಣಬಟ್ಟೆ, ಒಂದು ಜೊತೆ ಕಾಲುಚೀಲವನ್ನು ಕಸಕ್ಕೆ ಬಳಸುವ ದಪ್ಪ ಪ್ಲಾಸ್ಟಿಕ್ ಚೀಲದಲ್ಲಿ ಗಂಟು ಹಾಕಿ ಕಾರಿನೊಳಗೇ ಬಿಡಬೇಕು. ಎಷ್ಟೇ ಬೇಡಿಕೆ ಬಂದರೂ ಆ ಗಂಟನ್ನು ಟೆಂಟಿಗೆ ಒಯ್ಯಬಾರದು. ಮಾತ್ರೆ, ಕಾರಿನ ಕೀಲಿ, ಟಾರ್ಚ್, ಪವರ್ ಬ್ಯಾಂಕ್, ನಗದು ಇರುವ ಒಂದು ಸಣ್ಣ ಚೀಲ ಮಾತ್ರ ರಾತ್ರಿ ಟೆಂಟಿನ ಬಾಗಿಲ ಬಳಿ, ದಿನವೂ ಒಂದೇ ಮೂಲೆಯಲ್ಲಿ ಇರಬೇಕು.

ಬಟ್ಟೆಯ ವಿಷಯದಲ್ಲಿ ಮಲೆನಾಡಿನ ರೈತರು ಕಂಬಳಿ ಕೊಪ್ಪೆ ಹಾಕಿಕೊಂಡು ಗದ್ದೆಗೆ ಇಳಿಯುತ್ತಿದ್ದುದರ ಹಿಂದೆ ತಿಳಿವಳಿಕೆಯಿದೆ. ಉಣ್ಣೆ ನೆನೆದರೂ ಮೈಯ ಶಾಖವನ್ನು ಒಂದಿಷ್ಟು ಹಿಡಿದಿಡುತ್ತದೆ. ನೆನೆದ ಹತ್ತಿ ಬಟ್ಟೆ ಶಾಖವನ್ನು ಹೀರಿಬಿಡುತ್ತದೆ. ಜೀನ್ಸ್ ತೊಟ್ಟು ನೆನೆದ ಮಗು ಗಾಳಿಗೆ ನಿಂತರೆ ಮೇ ತಿಂಗಳಲ್ಲೂ ಗಡಗಡ ನಡುಗುತ್ತದೆ. ನಾವು ಒಯ್ದಿದ್ದ ದುಬಾರಿ ಸ್ಲೀಪಿಂಗ್ ಬ್ಯಾಗುಗಳಿಗಿಂತ ಅತ್ತೆಯವರು ಹಟ ಹಿಡಿದು ತಂದಿದ್ದ ಕರಿ ಕಂಬಳಿ ಆ ರಾತ್ರಿ ಹೆಚ್ಚು ಉಪಯೋಗಕ್ಕೆ ಬಂತು ಎಂಬುದನ್ನು ಒಪ್ಪಿಕೊಳ್ಳಬೇಕು.

ಊಟಕ್ಕೆ, ಬೆಂಕಿ ಹೊತ್ತದಿದ್ದರೂ ನಡೆಯುವಂಥದ್ದು ಎರಡು ಹೊತ್ತಿಗಾಗುವಷ್ಟಿರಲಿ. ತೆಳು ಅವಲಕ್ಕಿ, ಹುಳಿ ಗೊಜ್ಜು, ಚಪಾತಿ, ಚಟ್ನಿಪುಡಿ, ಬಾಳೆಹಣ್ಣು, ಇಷ್ಟಿದ್ದರೆ ಯಾರೂ ಹಸಿದು ಮಲಗುವುದಿಲ್ಲ. ಪೆಟ್ರೋಲನ್ನು ಹಾಸನ, ಚಿಕ್ಕಮಗಳೂರು, ಶಿವಮೊಗ್ಗಗಳಂಥ ಊರಿನಲ್ಲೇ ಪೂರ್ತಿ ತುಂಬಿಸಿಕೊಳ್ಳುವುದೂ, ಕೈಯಲ್ಲಿ ಸ್ವಲ್ಪ ನಗದು ಇಟ್ಟುಕೊಳ್ಳುವುದೂ ಅಗತ್ಯ. ಮರ ಬಿದ್ದು ಕರೆಂಟು ಹೋದರೆ ಸ್ವಲ್ಪ ಹೊತ್ತಿನಲ್ಲಿ ಮೊಬೈಲ್ ಟವರ್ ಕೂಡ ಸತ್ತು, ಅಂಗಡಿಯಲ್ಲಿ ಅಂಟಿಸಿರುವ ಕ್ಯೂಆರ್ ಚೀಟಿ ಬರೀ ಅಲಂಕಾರವಾಗುತ್ತದೆ.

ಜಾಗ ಆರಿಸುವುದು, ಟೆಂಟು ನಿಲ್ಲಿಸುವುದು

ಮೊದಲ ಮಾತು: ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ಕಾಡಿನೊಳಗೆ ಟೆಂಟು ಹಾಕುವಂತಿಲ್ಲ. ಆದ್ದರಿಂದ ಕುಟುಂಬಗಳು ಸಾಮಾನ್ಯವಾಗಿ ಹೋಮ್‌ಸ್ಟೇಯ ಅಂಗಳದಲ್ಲೋ ತೋಟದ ಬಯಲಿನಲ್ಲೋ ತಂಗುತ್ತವೆ. ಮನೆಯವರು ತೋರಿಸುವ ಜಾಗ ಚೆಂದದ ಜಾಗವಾಗಿರುತ್ತದೆ. ಫೋಟೋದಲ್ಲಿ ಚೆನ್ನಾಗಿ ಬರುವ ಜಾಗ ಬಹುಪಾಲು ಹಳ್ಳದ ದಂಡೆಯೋ ಗುಡ್ಡದ ಅಂಚೋ ಆಗಿರುತ್ತದೆ. ಅಲ್ಲಿಗೆ ನಾವೇ ಕಾಲ್ನಡಿಗೆಯಲ್ಲಿ ಹೋಗಿ ನಾಲ್ಕು ಸಂಗತಿಗಳನ್ನು ನೋಡಬೇಕು: ಮೇಲೆ, ಹಿಂದೆ, ಕೆಳಗೆ, ಮತ್ತು ಕಾರಿಗೆ ಹೋಗುವ ದಾರಿ.

ಮೇಲೆ ಎಂದರೆ ಮರ. ಕಾಫಿ ತೋಟದಲ್ಲಿ ನೆರಳಿಗೆ ಬೆಳೆಸಿದ ಸಿಲ್ವರ್ ಓಕ್ ಉದ್ದಕ್ಕೆ ಬೆಳೆದು ಗಾಳಿಗೆ ತೂಗಾಡುತ್ತದೆ. ಒಣಗಿದ ಕೊಂಬೆ, ತೆಂಗಿನ ಗರಿ, ಅಡಿಕೆಯ ಸೋಗೆ ಯಾವ ಸೂಚನೆಯನ್ನೂ ಕೊಡದೆ ಬೀಳುತ್ತವೆ. ಮುಂಗಾರಿಗೆ ಮುಂಚಿನ ಮಳೆಗಳು ಮಧ್ಯಾಹ್ನದ ನಂತರ ಬಿರುಗಾಳಿಯೊಡನೆ ಬರುವುದರಿಂದ ಮೇ ತಿಂಗಳಲ್ಲಿ ಮಳೆಗಿಂತ ಕೊಂಬೆಗೇ ಹೆಚ್ಚು ಹೆದರಬೇಕು. ಹಿಂದೆ ಎಂದರೆ ಧರೆ. ಮನೆಗೋ ರಸ್ತೆಗೋ ಗುಡ್ಡವನ್ನು ಕಡಿದಾಗ ಉಳಿಯುವ ಆ ಕೆಂಪು ಮಣ್ಣಿನ ಗೋಡೆ ಬಿಸಿಲಿನಲ್ಲಿ ಕಲ್ಲಿನಂತೆ ಕಾಣುತ್ತದೆ, ಎರಡು ದಿನ ನೆನೆದರೆ ಬುಡದಿಂದಲೇ ಜಾರುತ್ತದೆ. ಧರೆಯ ಎತ್ತರ ಎಷ್ಟಿದೆಯೋ ಕನಿಷ್ಠ ಅದರ ಎರಡರಷ್ಟು ದೂರ ಬಿಟ್ಟೇ ಟೆಂಟನ್ನಾಗಲಿ ಕಾರನ್ನಾಗಲಿ ನಿಲ್ಲಿಸುವುದನ್ನು ನಾನು ರೂಢಿ ಮಾಡಿಕೊಂಡಿದ್ದೇನೆ.

ಕೆಳಗೆ ಎಂದರೆ ನೀರಿನ ದಾರಿ. ಒಣಗಿದ ಹುಲ್ಲು ಒಂದೇ ಕಡೆಗೆ ಬಾಗಿ ಮಲಗಿದ್ದರೆ, ತರಗೆಲೆ ಒಂದು ಗೆರೆಯಲ್ಲಿ ರಾಶಿಯಾಗಿದ್ದರೆ, ಸಣ್ಣ ಕಲ್ಲುಗಳ ಸಾಲು ಕಂಡರೆ ಹೋದ ಮಳೆಯಲ್ಲಿ ನೀರು ಅಲ್ಲಿ ಹರಿದಿದೆ ಎಂದರ್ಥ. ಈ ಮಳೆಯಲ್ಲೂ ಹರಿಯುತ್ತದೆ. ಹಳ್ಳದ ಪಕ್ಕದಲ್ಲಂತೂ ಬೇಡವೇ ಬೇಡ. ನಾವು ಕುಳಿತ ಕಡೆ ಒಂದು ಹನಿ ಬೀಳದಿದ್ದರೂ ಮೇಲಿನ ಗುಡ್ಡದಲ್ಲಿ ಸುರಿದ ಮಳೆ ಸ್ವಲ್ಪ ಹೊತ್ತಿನಲ್ಲೇ ಕೆಳಗೆ ಬರುತ್ತದೆ. ಮೊಣಕಾಲಿಗೂ ಬಾರದ ನೀರು, ಸುಮಾರು 15 ಸೆಂ.ಮೀ. ಆಳದ್ದು, ರಭಸವಿದ್ದರೆ ದೊಡ್ಡವರನ್ನೂ ಕೆಡವಬಲ್ಲದು. ತಿಳಿಯಾಗಿದ್ದ ಹಳ್ಳ ಇದ್ದಕ್ಕಿದ್ದಂತೆ ಕದಡಿದರೆ, ಎಲೆ ಕಡ್ಡಿಗಳು ತೇಲಿಬಂದರೆ, ಇಲ್ಲವೇ ಮಳೆಯ ನಡುವೆಯೇ ನೀರು ಒಮ್ಮೆಲೇ ಇಳಿದರೆ ಮಕ್ಕಳನ್ನು ಎಳೆದುಕೊಂಡಾದರೂ ಎತ್ತರಕ್ಕೆ ಹೋಗಬೇಕು. ನೀರು ಇಳಿದದ್ದು ಒಳ್ಳೆಯ ಸುದ್ದಿಯಲ್ಲ; ಮೇಲೆಲ್ಲೋ ಮಣ್ಣು ಜರಿದು ಹಳ್ಳವನ್ನು ತಡೆದಿರಬಹುದು.

ಕಾರನ್ನು ಮೂತಿ ಹೊರಗೆ, ರಸ್ತೆಯ ಕಡೆಗೆ ಮಾಡಿ ನಿಲ್ಲಿಸಬೇಕು. ಹುಲ್ಲಿನ ಮೇಲಲ್ಲ, ಜಲ್ಲಿ ಹಾಕಿದ ಕಡೆ. ಸಂಜೆ ಗಟ್ಟಿಯಿದ್ದ ಕೆಮ್ಮಣ್ಣು ಬೆಳಗಾಗುವಷ್ಟರಲ್ಲಿ ಬೆಣ್ಣೆಯಾಗಿರುತ್ತದೆ. ಚಕ್ರ ಹೂತುಕೊಂಡರೆ ಆಕ್ಸಿಲರೇಟರ್ ಒತ್ತಿದಷ್ಟೂ ಗುಂಡಿ ಆಳವಾಗುತ್ತದೆ. ಚಕ್ರದ ಮುಂದೆ ಅಡಿಕೆಯ ಸೋಗೆಯನ್ನೋ ಕಾರಿನ ಕಾಲೊರಸನ್ನೋ ಹಾಸಿ, ಎರಡನೇ ಗೇರಿನಲ್ಲಿ ಮೆಲ್ಲನೆ ಎತ್ತಿಕೊಳ್ಳಬೇಕು.

ಇನ್ನು ಟೆಂಟಿನ ಕೆಲಸ. ನಮ್ಮ ತಪ್ಪು ನಡೆದದ್ದು ಇಲ್ಲಿಯೇ. ನೆಲದ ತೇವ ಏರದಿರಲಿ ಎಂದು ಟೆಂಟಿನ ಅಡಿಗೆ ಒಂದು ನೀಲಿ ಟಾರ್ಪಾಲಿನ್ ಹಾಸಿದ್ದೆವು, ಅದು ಸುತ್ತಲೂ ನಾಲ್ಕು ಬೆರಳು ಹೊರಗೆ ಚಾಚಿಕೊಂಡಿತ್ತು. ಟೆಂಟಿನ ಮೇಲಿಂದ ಇಳಿದ ನೀರೆಲ್ಲ ಆ ಅಂಚಿನ ಮೇಲೆ ಬಿದ್ದು, ನೆಲಕ್ಕೆ ಇಂಗುವ ಬದಲು ತಟ್ಟೆಯಲ್ಲಿ ಹರಿದಂತೆ ನೇರ ನಮ್ಮ ಕೆಳಗೆ ಬಂತು. ಕೆಳಹಾಸು ಟೆಂಟಿನ ತಳಕ್ಕಿಂತ ಎಲ್ಲ ಕಡೆಯೂ ಎರಡು ಬೆರಳು ಒಳಗೇ ಇರುವಂತೆ ಮಡಚಿಡಬೇಕು. ಇಷ್ಟು ಸಣ್ಣ ಸಂಗತಿಯನ್ನು ಟೆಂಟಿನ ಜೊತೆ ಬಂದ ಚೀಟಿ ಹೇಳಿರಲಿಲ್ಲ. ಮರುದಿನ ಬೆಳಿಗ್ಗೆ ನಮ್ಮನ್ನು ನೋಡಲು ಬಂದ ತೋಟದ ಕೆಲಸದವರೊಬ್ಬರು ಅಂಚನ್ನು ಕಾಲಿನಿಂದ ತೋರಿಸಿ ಹೇಳಿದರು.

ಟೆಂಟಿನ ಹೊರಹೊದಿಕೆ ಒಳಗಿನ ಬಟ್ಟೆಗೆ ಎಲ್ಲಿಯೂ ತಾಗಬಾರದು. ತಾಗಿದಲ್ಲಿ ನೀರು ಜಿನುಗುತ್ತದೆ. ಒದ್ದೆಯಾದಾಗ ನೈಲಾನ್ ಸಡಿಲವಾಗುವುದರಿಂದ ಮೊದಲ ಮಳೆಯ ನಂತರ ಹಗ್ಗಗಳನ್ನು ಮತ್ತೊಮ್ಮೆ ಎಳೆದು ಕಟ್ಟಬೇಕು. ಗೂಟಗಳನ್ನು ನೆಟ್ಟಗೆ ಹೊಡೆಯದೆ ಅವುಗಳ ತಲೆ ಟೆಂಟಿನಿಂದ ದೂರಕ್ಕೆ ವಾಲಿರುವಂತೆ ಓರೆಯಾಗಿ ಹೊಡೆಯಬೇಕು. ಮಣ್ಣು ಮೆತ್ತಗಾಗಿ ಗೂಟ ಎದ್ದು ಬಂದರೆ ಅದರ ಮೇಲೊಂದು ಭಾರವಾದ ಕಲ್ಲು ಹೇರಬಹುದು. ಟೆಂಟಿನ ಬೆನ್ನು ಗಾಳಿಗೆ, ಬಾಗಿಲು ಮರೆಗೆ. ಮುಂಗಾರು ಹಿಡಿದ ಮೇಲೆ ಗಾಳಿ ಪಡುವಣದಿಂದ ಬರುತ್ತದೆ. ಮೇಲಿನ ಬದಿಯಲ್ಲಿ, ಮನೆಯವರನ್ನು ಕೇಳಿಕೊಂಡು, ಒಂದು ಗೇಣು ಅಗಲದ ಬಸಿಗಾಲುವೆ ತೋಡಿದರೆ ಇಳಿಜಾರಿನ ನೀರು ಪಕ್ಕಕ್ಕೆ ಹೋಗುತ್ತದೆ. ಹೊರಡುವಾಗ ಅದನ್ನು ಮುಚ್ಚಿ ಬರುವುದು ಮರ್ಯಾದೆ.

ಒಂದು ಸಂಗತಿಯಲ್ಲಿ ಮಾತ್ರ ಯಾವ ರಾಜಿಯೂ ಕೂಡದು. ಎಷ್ಟೇ ಚಳಿಯಾದರೂ ಇದ್ದಿಲ ಒಲೆಯನ್ನೋ ಗ್ಯಾಸ್ ಒಲೆಯನ್ನೋ ಮುಚ್ಚಿದ ಟೆಂಟಿನೊಳಗೆ ಉರಿಸಬಾರದು. ಅದರಿಂದ ಹೊಮ್ಮುವ ಕಾರ್ಬನ್ ಮೊನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ. ಮಲಗಿದವರು ಎಚ್ಚರಗೊಳ್ಳುವುದೇ ಇಲ್ಲ. ಆರಿಹೋದಂತೆ ಕಾಣುವ ಕೆಂಡಕ್ಕೂ ಇದೇ ಮಾತು.

ಗುಡುಗು ಕೇಳಿದಾಗ

ಮಿಂಚು ಕಂಡ ಕ್ಷಣದಿಂದ ಗುಡುಗು ಕೇಳುವವರೆಗೆ ಎಣಿಸಿ ಮೂರರಿಂದ ಭಾಗಿಸಿದರೆ ಸಿಡಿಲು ಎಷ್ಟು ಕಿಲೋಮೀಟರ್ ದೂರದಲ್ಲಿದೆ ಎಂಬುದು ಹೆಚ್ಚುಕಡಿಮೆ ತಿಳಿಯುತ್ತದೆ. ಎಣಿಕೆ ಮೂವತ್ತಕ್ಕಿಂತ ಕಡಿಮೆಯಾದರೆ, ಅಂದರೆ ಸಿಡಿಲು ಹತ್ತು ಕಿಲೋಮೀಟರಿನೊಳಗೆ ಬಂದರೆ ಟೆಂಟಿನಲ್ಲಿ ಇರಬಾರದು. ಬಟ್ಟೆಯ ಟೆಂಟು ಸಿಡಿಲಿನಿಂದ ಯಾವ ರಕ್ಷಣೆಯನ್ನೂ ಕೊಡುವುದಿಲ್ಲ. ಗೋಡೆಯಿರುವ ಮನೆ ಅಥವಾ ಲೋಹದ ಛಾವಣಿಯ, ಕಿಟಕಿ ಏರಿಸಿದ ಕಾರು, ಇವೆರಡೇ ಸುರಕ್ಷಿತ ತಾಣಗಳು. ಕಾರಿನೊಳಗೆ ಲೋಹದ ಭಾಗಗಳನ್ನು ಮುಟ್ಟದೆ ಕೂರಬೇಕು. ಕೊನೆಯ ಗುಡುಗು ಕೇಳಿ ಅರ್ಧ ಗಂಟೆಯಾಗುವವರೆಗೆ ಇಳಿಯಬಾರದು. ಎಣಿಸುವ ಕೆಲಸವನ್ನು ಮಕ್ಕಳಿಗೆ ವಹಿಸುವುದು ಒಳ್ಳೆಯದು. ಅವರ ಹೆದರಿಕೆ ಎಣಿಕೆಯಲ್ಲಿ ಕರಗುತ್ತದೆ, ನಮಗೂ ಅಂಕಿ ಸಿಗುತ್ತದೆ.

ಉಳಿಯುವುದೋ ಎದ್ದು ಹೋಗುವುದೋ

ಈ ಪ್ರಶ್ನೆಯನ್ನು ಸಂಜೆ ನಾಲ್ಕು ಗಂಟೆಗೆ ಕೇಳಿಕೊಳ್ಳಬೇಕು. ಆಗ ಇನ್ನೂ ಎರಡು ಗಂಟೆ ಬೆಳಕಿರುತ್ತದೆ. ಟೆಂಟು ಬಿಚ್ಚಿ, ಕೋಣೆಗೋ ಹತ್ತಿರದ ಊರಿಗೋ ಹೋಗಿ ಸೇರಲು ಅಷ್ಟು ಸಾಕು. ಪಡುವಣದಲ್ಲಿ ಮೋಡ ಮಡುಗಟ್ಟಿದ್ದರೆ, ಬೆಳಿಗ್ಗೆ ಹಳದಿಯಿದ್ದ ಎಚ್ಚರಿಕೆ ಕಿತ್ತಳೆಗೆ ಏರಿದ್ದರೆ, ಮಗುವಿಗೆ ಮೈ ಬೆಚ್ಚಗಾಗಿದ್ದರೆ, ಹಿರಿಯರು ಏನೂ ಹೇಳದಿದ್ದರೂ ಊಟ ಬೇಡವೆಂದರೆ ಇವುಗಳಲ್ಲಿ ಯಾವುದಾದರೊಂದೇ ಸಾಕು, ಏಳಬೇಕು. ಅಂದು ನಾಲ್ಕು ಗಂಟೆಗೆ ನಮ್ಮ ಮುಂದೆ ಇವುಗಳಲ್ಲಿ ಎರಡು ಇದ್ದವು. ಪಕೋಡ ಕರಿಯುತ್ತಿದ್ದೆವು, ಯಾರೂ ಪ್ರಶ್ನೆ ಕೇಳಲಿಲ್ಲ.

ಕತ್ತಲೆಯಲ್ಲಿ ಏಳಲೇಬೇಕಾಗಿ ಬಂದರೆ ಮೊದಲು ಜನ, ಆಮೇಲೆ ಆ ಸಣ್ಣ ಚೀಲ. ಟೆಂಟನ್ನು ಹಾಗೆಯೇ ಬಿಡಬೇಕು. ಒಬ್ಬರು ಕಾರಿನಲ್ಲಿ ಒಳದೀಪ ಹಾಕಿ ಕಾಯಬೇಕು, ಇನ್ನೊಬ್ಬರು ಒಬ್ಬೊಬ್ಬರನ್ನಾಗಿ ಕರೆತರಬೇಕು, ಕೂತವರ ತಲೆ ಎಣಿಸಬೇಕು. ಒದ್ದೆ ಬಟ್ಟೆಯನ್ನು ಕಾರಿನಲ್ಲೇ ಬದಲಿಸಿ, ತಲೆ ಒರೆಸಿ, ಏನಾದರೂ ಸಿಹಿ ತಿನ್ನಿಸಬೇಕು. ಮಗು ನಡುಗುವುದನ್ನು ನಿಲ್ಲಿಸಿ ಮಂಕಾದರೆ, ಮಾತು ತೊದಲಿದರೆ ಅದು ನಿದ್ದೆಯಲ್ಲ, ದೇಹದ ಶಾಖ ಅಪಾಯಕಾರಿಯಾಗಿ ಇಳಿದಿರುವುದರ ಸೂಚನೆ. ಒಣ ಕಂಬಳಿಯಲ್ಲಿ ಸುತ್ತಿ, ಮೈಗೆ ಮೈ ತಾಗಿಸಿ ಅಪ್ಪಿಕೊಂಡು, 108ಕ್ಕೆ ಕರೆ ಮಾಡಬೇಕು. ಕಾರಿನಲ್ಲಿ ಬೆಳಗು ಮಾಡುವುದಾದರೆ ಎಂಜಿನ್ ಆರಿಸಿ, ಸಿಡಿಲು ದೂರವಾದ ಮೇಲೆ ಎರಡು ಕಿಟಕಿಗಳನ್ನು ಒಂದು ಬೆರಳಿನಷ್ಟು ಇಳಿಸಿರಬೇಕು. ಹೊಗೆಕೊಳವೆಗೆ ಕೆಸರು ಮೆತ್ತಿಕೊಂಡಿರುವಾಗ ಎಂಜಿನ್ ಓಡಿಸಿಕೊಂಡು ಮಲಗಿದರೆ, ಟೆಂಟಿನೊಳಗಿನ ಒಲೆಯ ವಿಷಯದಲ್ಲಿ ಹೇಳಿದ ಅಪಾಯವೇ ಇಲ್ಲಿಯೂ ಇರುತ್ತದೆ.

ಘಾಟಿ ದಾರಿಯಲ್ಲಿ

ಕರಾವಳಿಗೂ ಒಳನಾಡಿಗೂ ನಡುವಿನ ಘಾಟಿಗಳ ಚರಿತ್ರೆ ಬಲ್ಲವರು ಮಳೆಯಲ್ಲಿ ಅವುಗಳನ್ನು ಲಘುವಾಗಿ ತೆಗೆದುಕೊಳ್ಳುವುದಿಲ್ಲ. 2018ರ ಆಗಸ್ಟಿನಲ್ಲಿ ಮಡಿಕೇರಿಯಿಂದ ಸಂಪಾಜೆಗೆ ಇಳಿಯುವ ದಾರಿಯುದ್ದಕ್ಕೂ ಗುಡ್ಡಗಳು ಜರಿದವು. ಮರುವರ್ಷದ ಆಗಸ್ಟಿನಲ್ಲಿ ಚಾರ್ಮಾಡಿ ಹಲವೆಡೆ ಕುಸಿದು ದೊಡ್ಡ ವಾಹನಗಳಿಗೆ ತಿಂಗಳುಗಟ್ಟಲೆ ಮುಚ್ಚಿತು. 2024ರ ಜುಲೈಯಲ್ಲಿ ಸಕಲೇಶಪುರದ ಬಳಿಯ ದೊಡ್ಡತಪ್ಪಲಿನಲ್ಲಿ ಶಿರಾಡಿ ಘಾಟಿಯ ಹೆದ್ದಾರಿಗೆ ಮಣ್ಣು ಬಿತ್ತು. ಅದೇ ತಿಂಗಳ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ರಾಷ್ಟ್ರೀಯ ಹೆದ್ದಾರಿ 66ರ ಮೇಲೆ ಗುಡ್ಡವೇ ಕುಸಿದು, ರಸ್ತೆ ಬದಿಯ ಚಹದಂಗಡಿಯಲ್ಲಿದ್ದವರೂ ವಾಹನ ನಿಲ್ಲಿಸಿಕೊಂಡಿದ್ದವರೂ ಪ್ರಾಣ ಕಳೆದುಕೊಂಡರು. ಒಂದು ಘಾಟಿ ಮುಚ್ಚಿದಾಗ ಅದರ ವಾಹನಗಳೆಲ್ಲ ಪಕ್ಕದ ಘಾಟಿಗೆ ನುಗ್ಗುತ್ತವೆ. ನಕ್ಷೆಯಲ್ಲಿ ಹಸಿರಾಗಿ ಕಂಡ ದಾರಿ ಅಲ್ಲಿ ತಲುಪುವಷ್ಟರಲ್ಲಿ ಕೆಂಪಾಗಿರುತ್ತದೆ.

ಆದ್ದರಿಂದ ಘಾಟಿಯ ತಲೆಯಲ್ಲಿರುವ ಊರಿನಲ್ಲಿ ನಿಲ್ಲಿಸಿ ಕೇಳುವುದು ಎಲ್ಲ ಆ್ಯಪುಗಳಿಗಿಂತ ಮೇಲು. ಚಾರ್ಮಾಡಿಗೆ ಕೊಟ್ಟಿಗೆಹಾರ, ಶಿರಾಡಿಗೆ ಸಕಲೇಶಪುರ, ಆಗುಂಬೆ ಘಾಟಿಗೆ ಆಗುಂಬೆಯೇ. “ರಸ್ತೆ ಹೇಗಿದೆ?” ಎಂದು ಕೇಳಿದರೆ “ಪರವಾಗಿಲ್ಲ, ಹೋಗಿ” ಎನ್ನುತ್ತಾರೆ, ಮಳೆಯಲ್ಲೇ ಹುಟ್ಟಿ ಬೆಳೆದವರಿಗೆ ಎಲ್ಲವೂ ಪರವಾಗಿಲ್ಲ. ಕೇಳಬೇಕಾದ ಪ್ರಶ್ನೆ “ಕೆಳಗಿನಿಂದ ಕೊನೆಯ ಬಸ್ಸು ಎಷ್ಟೊತ್ತಿಗೆ ಬಂತು?” ಎಂಬುದು. ವೇಳೆಗೆ ಸರಿಯಾಗಿ ಬಂದಿದ್ದರೆ ದಾರಿ ಇದೆ. ಒಂದು ಗಂಟೆಯಿಂದ ಯಾವ ಬಸ್ಸೂ ಹತ್ತಿ ಬಂದಿಲ್ಲವೆಂದರೆ ಕೊಟ್ಟಿಗೆಹಾರದ ನೀರುದೋಸೆ ತಿನ್ನುತ್ತಾ ಕಾಯುವುದೇ ಸರಿ.

ಇಳಿಯುವಾಗ ಎರಡನೇ ಗೇರಿನಲ್ಲಿ, ಬ್ರೇಕನ್ನು ಒತ್ತಿಯೇ ಹಿಡಿಯದೆ ಇಳಿಯಬೇಕು. ಗುಡ್ಡದ ದಾರಿಯಲ್ಲಿ ಹತ್ತುವ ವಾಹನಕ್ಕೆ ಮೊದಲು ದಾರಿ ಬಿಡುವುದು ನಿಯಮವೂ ಹೌದು, ವಿವೇಕವೂ ಹೌದು. ಮಂಜು ಕವಿದರೆ ಹೈಬೀಮ್ ಹಾಕಿದಷ್ಟೂ ಬಿಳಿ ಗೋಡೆಯೇ ಕಾಣುತ್ತದೆ; ಡಿಮ್ ಲೈಟಿನಲ್ಲಿ, ರಸ್ತೆಯ ಬಿಳಿ ಗೆರೆ ಹಿಡಿದು ನಿಧಾನವಾಗಿ ಹೋಗಬೇಕು. ಚಲಿಸುವಾಗ ನಾಲ್ಕೂ ಇಂಡಿಕೇಟರ್ ಮಿನುಗಿಸಿಕೊಂಡು ಹೋಗುವ ಅಭ್ಯಾಸ ನಮ್ಮಲ್ಲಿ ಬಹಳವಾಗಿದೆ; ತಿರುವಿನಲ್ಲಿ ಹಿಂದಿನವರಿಗೆ ನೀವು ಯಾವ ಕಡೆ ತಿರುಗುತ್ತೀರಿ ಎಂದೇ ಗೊತ್ತಾಗುವುದಿಲ್ಲ. ಅದು ನಿಂತ ವಾಹನದ ಗುರುತು, ನಿಂತಾಗ ಮಾತ್ರ ಹಾಕಬೇಕು. ಗಾಜಿನ ಒಳಬದಿ ಮಂಜಾದರೆ ಬಟ್ಟೆಯಿಂದ ಒರೆಸುವ ಬದಲು ಎ.ಸಿ. ಹಾಕಿ ಗಾಳಿಯನ್ನು ಗಾಜಿನ ಕಡೆಗೆ ತಿರುಗಿಸಬೇಕು.

ರಸ್ತೆಯ ಮೇಲೆ ನೀರು ಹರಿಯುತ್ತಿದ್ದರೆ ಅದರ ಕೆಳಗೆ ರಸ್ತೆ ಇದೆಯೋ ಇಲ್ಲವೋ ಎಂಬುದು ಕಾರಿನಿಂದ ಕಾಣುವುದಿಲ್ಲ. 30 ಸೆಂ.ಮೀ. ಆಳದ ಹರಿವು ಸಾಮಾನ್ಯ ಕಾರನ್ನು ತೇಲಿಸಿ ಪಕ್ಕಕ್ಕೆ ಒಯ್ಯಬಲ್ಲದು. ಮುಂದಿನ ಜೀಪು ದಾಟಿತು ಎಂಬುದು ನಮಗೆ ಪ್ರಮಾಣವಲ್ಲ. ನೀರಿನಲ್ಲಿ ಎಂಜಿನ್ ನಿಂತುಹೋದರೆ ಮತ್ತೆ ಸ್ಟಾರ್ಟ್ ಮಾಡಬಾರದು. ನೀರು ಒಳಗೆ ಹೋಗಿದ್ದರೆ ಒಂದು ಸಲ ಕೀಲಿ ತಿರುಗಿಸಿದ್ದಕ್ಕೇ ಎಂಜಿನ್ ಪೂರ್ತಿ ಹಾಳಾಗುತ್ತದೆ. ಧರೆಯಿಂದ ಸಣ್ಣ ಕಲ್ಲು ಉರುಳುತ್ತಿದ್ದರೆ, ಕರೆಂಟು ಕಂಬ ವಾಲಿದ್ದರೆ, ಡಾಂಬರಿನಲ್ಲಿ ಹೊಸ ಬಿರುಕು ಕಂಡರೆ ಅಲ್ಲಿ ಫೋಟೋಗೂ ನಿಲ್ಲಬಾರದು, ಬಂದ ದಾರಿಯಲ್ಲಿ ಹಿಂತಿರುಗಬೇಕು. ಘಾಟಿಯ ಮಾತಲ್ಲದಿದ್ದರೂ ಇಲ್ಲಿ ಹೇಳಬೇಕಾದ ಇನ್ನೊಂದು: ಮಳೆಯಿಂದ ತಡವಾಗಿ ಬಂಡೀಪುರದ ಕಡೆ ಹೊರಟವರು ಅಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಖಾಸಗಿ ವಾಹನಗಳನ್ನು ಬಿಡುವುದಿಲ್ಲವೆಂಬುದನ್ನು ನೆನಪಿಟ್ಟು, ಗುಂಡ್ಲುಪೇಟೆಯಲ್ಲೇ ಕೋಣೆ ಹುಡುಕುವುದು ಲೇಸು.

ಪೂರ್ವಕ್ಕೆ ತಿರುಗುವುದು

ಟೆಂಟು ನೆನೆಯಿತೆಂದು ಪ್ರವಾಸವನ್ನೇ ಬಿಡಬೇಕಾಗಿಲ್ಲ. ಮುಂಗಾರಿನ ಮೋಡಗಳು ಪಶ್ಚಿಮ ಘಟ್ಟವನ್ನು ಹತ್ತುವಾಗಲೇ ತಮ್ಮ ನೀರಿನ ಬಹುಭಾಗವನ್ನು ಸುರಿದುಬಿಡುವುದರಿಂದ, ಘಟ್ಟದ ನೆತ್ತಿಯಿಂದ ಪೂರ್ವಕ್ಕೆ ಹೋದಂತೆಲ್ಲ ಮಳೆ ಬೇಗ ಬೇಗ ಕಡಿಮೆಯಾಗುತ್ತದೆ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿ.ಮೀ.ಗೂ ಮಿಕ್ಕಿ ಮಳೆಯಾಗುತ್ತದೆ; ಇನ್ನೂರು ಕಿಲೋಮೀಟರಿನೊಳಗಿರುವ ಚಿತ್ರದುರ್ಗದಲ್ಲಿ ಅದರ ಹತ್ತನೇ ಒಂದರಷ್ಟೂ ಇಲ್ಲ. ಮೂಡಿಗೆರೆಯಲ್ಲಿ ಸುರಿಯುತ್ತಿದ್ದರೆ ಬೇಲೂರು, ಹಳೇಬೀಡು. ಸಕಲೇಶಪುರದಲ್ಲಾದರೆ ಹಾಸನ ದಾಟಿ ಶ್ರವಣಬೆಳಗೊಳ. ತೀರ್ಥಹಳ್ಳಿಯಲ್ಲಾದರೆ ಶಿವಮೊಗ್ಗದ ಮೇಲೆ ಚಿತ್ರದುರ್ಗದ ಕೋಟೆ. ಹೊರಡುವ ಮುನ್ನವೇ ಹೀಗೊಂದು ಪೂರ್ವದ ಊರನ್ನು ಆರಿಸಿಟ್ಟು, ಅಲ್ಲಿನ ಎರಡು ಹೋಟೆಲುಗಳ ಫೋನ್ ನಂಬರ್ ಬರೆದುಕೊಂಡಿರಬೇಕು. ನಾವು ಭಾನುವಾರ ಮಧ್ಯಾಹ್ನ ಹಳೇಬೀಡಿನ ಹೊಯ್ಸಳೇಶ್ವರದ ಜಗತಿಯ ಮೇಲೆ ತುಂತುರಿನಲ್ಲಿ ನಡೆಯುತ್ತಿದ್ದಾಗ, ನೆನೆದ ಕಲ್ಲಿನಲ್ಲಿ ಆನೆಗಳ ಸಾಲು ಕಪ್ಪಗೆ ಹೊಳೆಯುತ್ತಿತ್ತು. ಮಕ್ಕಳು ಇವತ್ತಿಗೂ ಮಾತಾಡುವುದು ಅದನ್ನೇ.

ಕೊಟ್ಟ ಮುಂಗಡದ ವಿಷಯದಲ್ಲಿ, ಹಣ ಹಿಂದಕ್ಕೆ ಕೇಳುವುದಕ್ಕಿಂತ ದಿನಾಂಕ ಮುಂದಕ್ಕೆ ಹಾಕಿಕೊಡಿ ಎಂದು ಕೇಳಿದರೆ ಹೆಚ್ಚಿನವರು ಒಪ್ಪುತ್ತಾರೆ. ಕಾದಿರಿಸುವಾಗಲೇ ಈ ಮಾತನ್ನು ಬರಹದಲ್ಲಿ ಪಡೆದುಕೊಂಡಿದ್ದರೆ ಮಳೆಯಲ್ಲಿ ನಿಂತು ಚರ್ಚಿಸುವ ಪ್ರಮೇಯ ಬರುವುದಿಲ್ಲ.

ಮನೆಗೆ ಬಂದ ಮೇಲೆ

ಸ್ನಾನಕ್ಕೆ ಮೊದಲು ಎಲ್ಲರ ಮೈ ನೋಡಬೇಕು. ಇಂಬಳ ಕಚ್ಚಿಕೊಂಡಿದ್ದರೆ ಎಳೆಯದೆ, ಉಗುರನ್ನು ಚರ್ಮಕ್ಕೆ ಒತ್ತಿ ಪಕ್ಕಕ್ಕೆ ಜಾರಿಸಿದರೆ ಬಿಡುತ್ತದೆ. ರಕ್ತ ಸ್ವಲ್ಪ ಹೊತ್ತು ಸೋರುತ್ತದೆ, ಗಾಬರಿಪಡಬೇಕಾದದ್ದಿಲ್ಲ. ಉಣ್ಣೆ, ಅಂದರೆ ಉಣುಗು, ಬೇರೆ ವಿಷಯ. ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಗುರುತಿಸಲಾದ ಮಂಗನ ಕಾಯಿಲೆ ಹರಡುವುದು ಅದರಿಂದಲೇ. ಅದನ್ನು ಚಿಮಟಿಗೆಯಿಂದ ಚರ್ಮದ ಹತ್ತಿರವೇ ಹಿಡಿದು ನೇರವಾಗಿ ತೆಗೆದು, ಜಾಗವನ್ನು ಸೋಪಿನಿಂದ ತೊಳೆಯಬೇಕು. ಎರಡು ವಾರದೊಳಗೆ ಯಾರಿಗಾದರೂ ಜ್ವರ ಬಂದರೆ, ಮಲೆನಾಡಿನ ಕಾಡಿನಂಚಿನಲ್ಲಿ ತಂಗಿದ್ದೆವು ಎಂಬುದನ್ನು ವೈದ್ಯರಿಗೆ ಮೊದಲ ಮಾತಾಗಿ ಹೇಳಬೇಕು.

ಒದ್ದೆ ಟೆಂಟನ್ನು ಚೀಲದಲ್ಲಿ ಒಂದು ದಿನಕ್ಕಿಂತ ಹೆಚ್ಚು ಬಿಟ್ಟರೆ ಬೂಸು ಹಿಡಿದು, ನೀರು ತಡೆಯುವ ಲೇಪ ಸಿಪ್ಪೆ ಏಳುತ್ತದೆ. ವಾಷಿಂಗ್ ಮಷೀನಿಗೆ ಹಾಕದೆ, ಸೋಪಿನ ಪುಡಿ ಸೋಕಿಸದೆ, ಬರೀ ನೀರಿನಿಂದ ಕೆಸರು ಒರೆಸಿ, ನೆರಳಿನಲ್ಲಿ ಗಾಳಿಯಾಡುವಂತೆ ಎರಡು ದಿನ ಹರಡಬೇಕು. ಹೊಲಿಗೆಗಳಿಗೆ ಅಂಟಿಸಿದ ಪಟ್ಟಿ ಎಲ್ಲಾದರೂ ಎದ್ದಿದೆಯೇ ಎಂದು ಬೆಳಕಿಗೆ ಹಿಡಿದು ನೋಡಬೇಕು. ಗೂಟಗಳನ್ನು ಎಣಿಸಿಯೇ ಚೀಲಕ್ಕೆ ಹಾಕಬೇಕು. ನಮ್ಮ ಹನ್ನೆರಡರಲ್ಲಿ ಎರಡು ಮೂಡಿಗೆರೆಯ ಕೆಸರಿನಲ್ಲೇ ಉಳಿದಿವೆ, ಬದಲಿಗೆ ಒಂದು ಗೇಣು ಉದ್ದದ ಎರಡು ಕಬ್ಬಿಣದ ಸರಳುಗಳನ್ನು ಊರಿನ ಕಮ್ಮಾರರಿಂದ ಬಾಗಿಸಿ ತಂದು ಹಾಕಿದ್ದೇನೆ.